ಬಾಟ್ಲಿ ಬಾಳೆ, ಹೆಣ್ಣುಕರು, ಬದನೆಕಾಯಿ

ಹೊಸ ಸಸಿ, ಹೊಸ ತಳಿ, ಹೊಸ ಬೀಜ ಏನೇ ಬರಲಿ, ಊರೂರಿಗೆ ಹೋಗಿ ರೈತರಿಗೆ ತಿಳಿಸಿ ಹೇಳುವುದು ನನ್ನ ಕೆಲಸ. ಆದರೆ ಹೇಳಲು ಹೋದವನು ಹೇಳಿಸಿಕೊಂಡು ಬರುವುದೇ ಹೆಚ್ಚು. ಅಂಥ ಮಾತುಗಳ ಋಣ ನನ್ನ ಮೇಲೆ ಬೇಕಾದಷ್ಟಿದೆ.

ತಾಯಿಲ್ಲದ ಮಕ್ಕಳು

ಪಾಲಹಳ್ಳಿಯ ಅಜ್ಜಿಯೊಬ್ಬರಿಗೆ ಬಾಳೆಸಸಿ ಕೊಟ್ಟು, "ಇವು ತಾಯಿಗಿಡದ ಬುಡದಿಂದ ಕಿತ್ತ ಕಂದಲ್ಲ ಕಣವ್ವ. ಲ್ಯಾಬಲ್ಲಿ ಬಾಟ್ಲಿಯೊಳಗೆ ಬೆಳೆಸಿದ್ದು" ಎಂದೆ.

"ಅಂಗಾರೆ ತಾಯಿ ಇಲ್ದೋವು" ಅಂದರು.

ಮುಂದಿನ ವಾರ ಹೋದರೆ ಸಸಿಗಳಿಗೆಲ್ಲ ಹಳೇ ಸೀರೆಯ ನೆರಳು. ಸೊಸೆ ದೂರಿದಳು: "ನನ್ ಬಾಣಂತನಕ್ಕೂ ಇಷ್ಟು ಮಾಡ್ನಿಲ್ಲ ಕಣಣ್ಣ."

"ನಿಂಗೆ ಅವ್ವ ಇದ್ಲು, ಮಾಡುದ್ಲು" ಎಂದರು ಅಜ್ಜಿ.

ಗೊನೆ ಬಂದಾಗ ಮೊದಲ ಚಿಪ್ಪು ನಮ್ಮ ಮನೆಗೆ ಬಂತು, "ಸೋದರಮಾವಂಗೆ" ಎಂಬ ಮಾತಿನ ಸಮೇತ.

ಪಾಯಸ

ಹೆಚ್ಚಾಗಿ ಹೆಣ್ಣುಕರುವೇ ಹುಟ್ಟುವ ಇಂಜೆಕ್ಷನ್ ಬಂದಿದೆ ಎಂದು ನಾಗಮಂಗಲದ ಕಡೆಯ ಮನೆಯೊಂದಕ್ಕೆ ಹೇಳಿದ್ದೆ. ಹಸುವಿಗೆ ಹಾಕಿಸಿದರು, ಹೆಣ್ಣುಕರುವೇ ಆಯಿತು. ಆ ಮನೆಯ ಅತ್ತೆ ಪಾಯಸ ಮಾಡಿಸಿ ನನ್ನನ್ನೂ ಕರೆದರು. ಬಡಿಸಲು ಬಂದ ಸೊಸೆಯ ಕಂಕುಳಲ್ಲಿ ಹೆಣ್ಣುಕೂಸು, ಎರಡನೆಯದು.

"ಮನುಸ್ರಿಗೂ ಇಂಗೇ ಗಂಡೇ ಉಟ್ಟೋದು ಬಂದದಾ ಸಾ?" ಅತ್ತೆ ಕೇಳಿದರು.

"ಅದು ಅಪರಾಧ ಕಣವ್ವ, ಜೈಲಿಗೆ ಹಾಕ್ತಾರೆ."

ಸೊಸೆ ಎಲೆಗೆ ಪಾಯಸ ಬಿಡುತ್ತ ಮೆಲ್ಲಗೆ ಅಂದಳು: "ಕೊಟ್ಟಿಗೇಲಿ ಹೆಣ್ಣುಟ್ಟುದ್ರೆ ಪಾಯ್ಸ, ಮನೇಲಿ ಹೆಣ್ಣುಟ್ಟುದ್ರೆ ಮೆಣ್ಸಿನ್ ಸಾರು. ಮುಂದ್ಲ ಸರ್ತಿ ನಾನೂ ಕೊಟ್ಟಿಗೇಲೇ ಎರ್ತೀನಿ ಬುಡತ್ತೆ."

ಅತ್ತೆ ಕೂಸನ್ನು ತೊಡೆಗೆ ಹಾಕಿಕೊಂಡು, ಬೆರಳಲ್ಲಿ ಪಾಯಸ ನೆಕ್ಕಿಸುತ್ತ ಅದಕ್ಕೆ ಹೇಳಿದರು: "ಬಾಯಿ ಮಾತ್ರ ನಿಮ್ಮವ್ವುಂದೇ ಕಣೆ."

ಹುಳದ ಸಾಕ್ಷಿ

ಸಿಂಧಘಟ್ಟದ ಸಭೆಯಲ್ಲಿ ಕುಲಾಂತರಿ ಬದನೆಯ ಮಾತು. ಅದನ್ನು ತಿಂದ ಹುಳ ಸಾಯುತ್ತದೆ, ನಮ್ಮಲ್ಲಿ ಬೆಳೆಯಲು ಸರ್ಕಾರ ಇನ್ನೂ ಒಪ್ಪಿಲ್ಲ ಎಂದೆ.

"ಹುಳ ಸಾಯ್ತದೆ ಅಂದ್ರೆ ನಾವೇನ್ ಬದುಕ್ತೀವಾ?" ಒಬ್ಬ ಕೇಳಿದ.

"ಬೀಜಕ್ಕೆ ವರ್ಸಾ ವರ್ಸಾ ಕಂಪ್ನಿಯೋರ್ ತಾವ್ಕೇ ಓಗ್ಬೇಕಾ?" ಇನ್ನೊಬ್ಬ.

"ಮದ್ದು ಒಡ್ದೂ ಒಡ್ದೂ ನಂಗೆ ಕೆಮ್ಮು ಕಣ್ಲಾ. ಬರ್ಲಿ ಬುಡು" ಎಂದ ಮತ್ತೊಬ್ಬ.

ವಾದ ಮುಗಿಯುವ ಮೊದಲೇ ಊಟಕ್ಕೆ ಕರೆದರು. ಮುದ್ದೆಯ ಪಕ್ಕದಲ್ಲಿ ಬದನೆಕಾಯಿ ಎಣ್ಣೆಗಾಯಿ. ಒಬ್ಬರೂ ಮುಟ್ಟಲಿಲ್ಲ.

ಅಡುಗೆ ಮಾಡಿದ್ದ ಯಜಮಾನಿ ಒಳಗೆ ಹೋಗಿ, ಆರಿಸಿ ಬಿಸಾಡಿದ್ದ ಬದನೆಯ ಬುಟ್ಟಿ ತಂದು ನಡುವೆ ಇಟ್ಟರು. ಹುಳಗಳು ಆರಾಮಾಗಿ ಹರಿದಾಡುತ್ತಿದ್ದವು. "ನೋಡ್ಕಳ್ರಪ್ಪ, ನಮ್ ಇತ್ಲುದೇ ಕಾಯಿ."

ಹುಳ ಬದುಕಿದೆ ಎಂದು ಖಾತ್ರಿಯಾದ ಮೇಲೆ ಎಲ್ಲರೂ ನೆಮ್ಮದಿಯಾಗಿ ಉಂಡರು. ನಾನೂ ಎರಡು ಸಲ ಹಾಕಿಸಿಕೊಂಡೆ. ಹೊರಡುವಾಗ ಆ ತಾಯಿ ಚೀಲದ ತುಂಬ ಬದನೆಕಾಯಿ ಕೊಟ್ಟು ಹೇಳಿದರು: "ಎದ್ರುಕೋಬ್ಯಾಡಿ ಸಾ. ಉಳ ಇರೋವ್ನೇ ಆರ್ಸಿ ಆರ್ಸಿ ಆಕಿವ್ನಿ."