ಸುಳ್ಯದಲ್ಲಿ ಐದು ಪಾಯಿಂಟ್ ಎರಡು

ಮಹಾಬಲ ಶೆಟ್ಟರ ಅತಿ ದೊಡ್ಡ ದುಃಖವೆಂದರೆ ಮಂಗಳೂರಿನಲ್ಲಿ ಭೂಕಂಪವಾಗುವುದಿಲ್ಲ ಎಂಬುದು. ಇದನ್ನು ಅವರು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ, ಹೇಳಿದರೆ ಜನ ತಪ್ಪು ತಿಳಿಯುತ್ತಾರೆ. ಆದರೆ ದೇರೆಬೈಲಿನ ನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ, ಟಿ.ವಿ.ಯ ಪಕ್ಕದಲ್ಲೇ, ಮೂರು ವಾರಗಳಿಂದ ಕಣ್ಣು ಮುಚ್ಚದೆ ಭೂಮಂಡಲವನ್ನು ಕಾಯುವ ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು, ಅದು ಒಂದೇ ಒಂದು ಸಲವೂ ಕೂಗದಿದ್ದರೆ ಮನುಷ್ಯನಿಗೆ ಬೇಜಾರಾಗುವುದಿಲ್ಲವೇ?

ಶೆಟ್ಟರು ಬಂದರಿನ ಸಿಗ್ನಲ್ ಸ್ಟೇಷನ್ನಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ಬರುವ ಹಡಗು ಎಲ್ಲಿದೆಯೆಂದು ವೈರ್‌ಲೆಸ್ಸಿನಲ್ಲಿ ಕೇಳುವುದು, ಬರೆದುಕೊಳ್ಳುವುದು, ಮೇಲಿನವರಿಗೆ ತಿಳಿಸುವುದು, ಇದೇ ಅವರ ಆಯುಷ್ಯವಾಗಿತ್ತು. ನಿವೃತ್ತಿಯಾದ ಮೇಲೆ ಮನೆಗೆ ಹಡಗು ಬರುವುದಿಲ್ಲ. ಬರುವವಳು ಮೀನಿನ ಲವಿನಾ ಒಬ್ಬಳೇ, ಅವಳು ಎಲ್ಲಿದ್ದಾಳೆಂದು ವೈರ್‌ಲೆಸ್ ಇಲ್ಲದೆಯೇ ಇಡೀ ದೇರೆಬೈಲಿಗೆ ಕೇಳಿಸುತ್ತದೆ. ಹಾಗಾಗಿ ಶೆಟ್ಟರು ಯೂಟ್ಯೂಬ್ ನೋಡಿ ಪ್ರೋಗ್ರಾಮಿಂಗ್ ಕಲಿತರು. ಕಲಿತ ವಿದ್ಯೆಯನ್ನು ಎಲ್ಲಿ ಪ್ರಯೋಗಿಸುವುದೆಂದು ಹುಡುಕುವಾಗ ಕೈಗೆ ಸಿಕ್ಕಿದ್ದು ಭೂಕಂಪ.

ಪ್ರಪಂಚದಲ್ಲಿ ಎಲ್ಲಿ ನೆಲ ಅಲುಗಿದರೂ ಅಮೆರಿಕದ ಇಲಾಖೆಯೊಂದು ಅದನ್ನು ಬರೆದಿಡುತ್ತದೆ. ಬೇಕಾದವರು ಕೇಳಿ ಪಡೆಯಲೆಂದು ಎಪಿಐ ಎಂಬ ವ್ಯವಸ್ಥೆಯನ್ನೂ ಮಾಡಿದೆ. "ಹೋಟೆಲಿನಲ್ಲಿ ಅಡುಗೆಕೋಣೆಯ ಕಿಂಡಿ ಇರ್ತದಲ್ಲ, ಹಾಗೆ," ಎಂದು ಶೆಟ್ಟರು ಹೆಂಡತಿಗೆ ವಿವರಿಸಿದ್ದರು. "ಚೀಟಿಯಲ್ಲಿ ಸರಿಯಾಗಿ ಬರೆದು ಕಿಂಡಿಯಲ್ಲಿ ಕೊಟ್ರೆ ಬೇಕಾದ್ದು ಹೊರಗೆ ಬರ್ತದೆ." ಶೆಟ್ಟರ ಪ್ರೋಗ್ರಾಂ ಐದು ನಿಮಿಷಕ್ಕೊಮ್ಮೆ ಆ ಕಿಂಡಿಯಲ್ಲಿ ಚೀಟಿ ಕೊಟ್ಟು, ಹಿಂದಿನ ಒಂದು ಗಂಟೆಯ ಭೂಕಂಪಗಳನ್ನೆಲ್ಲ ತರಿಸಿ, ಅವುಗಳಲ್ಲಿ ಯಾವುದಾದರೂ ಮನೆಯಿಂದ ನೂರು ಕಿಲೋಮೀಟರಿನೊಳಗೆ ಇದೆಯೇ ಎಂದು ನೋಡುತ್ತಿತ್ತು. ಇದ್ದರೆ ಹಡಗಿನ ಸೈರನ್ ಕೂಗಬೇಕು. (ಸೈರನ್ನಿನ ಧ್ವನಿಯನ್ನು ಶೆಟ್ಟರು ನಿವೃತ್ತಿಯ ದಿನವೇ ಮೊಬೈಲಿನಲ್ಲಿ ಹಿಡಿದು ತಂದಿದ್ದರು. ಬೇರೆಯವರು ಶಾಲು, ಹಣ್ಣಿನ ಬುಟ್ಟಿ ತರುತ್ತಾರೆ.)

ಕಿಂಡಿಯಿಂದ ಬರುವ ಮಾಹಿತಿಯಲ್ಲಿ ಜಾಗದ ಹೆಸರೂ ಇರುತ್ತಿತ್ತು. ಶೆಟ್ಟರು ಅದನ್ನು ಕಿತ್ತು ಬಿಸಾಡಿದ್ದರು. ಈ ಕರಾವಳಿಯಲ್ಲಿ ಕೋಡಿ ಎಂಬ ಹೆಸರಿನ ಜಾಗ ಎಷ್ಟಿವೆಯೆಂದು ಅಮೆರಿಕದವರಿಗೆ ಏನು ಗೊತ್ತು? ಸಿಗ್ನಲ್ ಸ್ಟೇಷನ್ನಿನಲ್ಲಿ ಹೆಸರಿಗೆ ಮರ್ಯಾದೆಯಿಲ್ಲ, ಅಂಕಿಗೆ ಮಾತ್ರ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ಮೂವತ್ತೊಂದು ವರ್ಷ ಅವರು ಬರೆದುಕೊಂಡದ್ದು ಇದೇ ಕ್ರಮದಲ್ಲಿ.

ಹೆಂಡತಿ ಕುಶಲಾ, ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಮೊದಲ ದಿನವೇ ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಂದಿದ್ದರು.

"ಇದು ನೋಡಿ, ಜಪಾನಿನದ್ದು. ಮೊದಲಿನ ಅಂಕಿ ನೂರ ನಲವತ್ತೆರಡು ಅಂತ ಉಂಟಲ್ಲ, ಅಕ್ಷಾಂಶ ಅಂದ್ರೆ..."

"ಕುಶಲಾ, ಹಡಗಿನ ವಿಷಯ ಶಾಲೆಯ ಅಟ್ಲಾಸಿನಲ್ಲಿ ಬರುದಿಲ್ಲ."

"ಆಯ್ತು," ಎಂದು ಕುಶಲಾ ಒಳಗೆ ಹೋದರು. (ಹೆಂಗಸರ ಈ "ಆಯ್ತು" ಎಂಬುದನ್ನು ಗಂಡಸರು ಒಪ್ಪಿಗೆ ಎಂದು ತಿಳಿಯುತ್ತಾರೆ. ಶೆಟ್ಟರೂ ಹಾಗೆಯೇ ತಿಳಿದರು.)

ಇಷ್ಟರಲ್ಲಿ ಮನೆಯಲ್ಲಿ ನಿಜವಾದ ಕಂಪನ ಬೇರೊಂದಿತ್ತು. ಒಬ್ಬಳೇ ಮಗಳು ಮನ್ವಿತಾಳ ಮದುವೆ ಗೊತ್ತಾಗಿ, ಆಮಂತ್ರಣ ಪತ್ರಿಕೆಯ ಕರಡು ಕುದ್ರೋಳಿಯ ಪ್ರೆಸ್ಸಿನಿಂದ ಬಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿತ್ತು. ಸೋಮವಾರ ಅದನ್ನು ತಿದ್ದಿ ಕೊಡಬೇಕು. ಅದರಲ್ಲಿ ಹುಡುಗಿಯ ಸೋದರಮಾವನ ಹೆಸರು ಬರುವ ಜಾಗ ಖಾಲಿಯಿತ್ತು. ಧಾರೆಯ ಹೊತ್ತಿಗೆ ಸೋದರಮಾವ ಪಕ್ಕದಲ್ಲಿ ನಿಲ್ಲದಿದ್ದರೆ ಬಂಟರ ಮನೆಯ ಮದುವೆಗೆ ಕಳೆಯೇ ಇಲ್ಲ. ಆದರೆ ಸೋದರಮಾವ ಎಂದರೆ ಕುಶಲಾರ ಅಣ್ಣ, ಸುಳ್ಯದ ದೂಮಣ್ಣ ರೈ. ದೂಮಣ್ಣ ರೈಗಳಿಗೂ ಮಹಾಬಲ ಶೆಟ್ಟರಿಗೂ ಮಾತು ನಿಂತು ಆರು ವರ್ಷವಾಗಿತ್ತು.

ಕಾರಣ ಇಷ್ಟೇ. ಈ ಫ್ಲ್ಯಾಟಿನ ಗೃಹಪ್ರವೇಶದ ದಿನ ರೈಗಳು ಬಾಲ್ಕನಿಗೆ ಹೋಗಿ, ಆಚೆ ಈಚೆ ನೋಡಿ, "ಭಾವ, ನಮ್ಮಲ್ಲಿ ಕೋಳಿಗೂಡು ಇದಕ್ಕಿಂತ ದೊಡ್ಡದುಂಟು," ಎಂದಿದ್ದರು. ಇಂಜಿನಿಯರನ್ನು ಕೇಳದೆ ತಾವೇ ನಿಂತು ಎರಡು ಮಾಳಿಗೆಯ ಮನೆ ಕಟ್ಟಿಸಿದ್ದ ಭಾವನಿಗೆ ಶೆಟ್ಟರು ಕೊಟ್ಟ ಉತ್ತರ: "ಅಲ್ಲಿ ಒಂದು ಆಡು ಸೀನಿದ್ರೆ ನಿಮ್ಮ ಮನೆ ಬೀಳ್ತದೆ." ಅಂದಿನಿಂದ ಅವರು ಮೊದಲು ಫೋನ್ ಮಾಡಲಿ ಎಂದು ಇವರು, ಇವರು ಮಾಡಲಿ ಎಂದು ಅವರು. ಶೆಟ್ಟರು ಹೀಗೆ ಮಾತು ಬಿಟ್ಟವರ ಪಟ್ಟಿ ಸಣ್ಣದೇನಲ್ಲ. ಒಂದು ತಾಮ್ರದ ಹಂಡೆಯ ವಿಷಯದಲ್ಲಿ ಮೂಡಬಿದ್ರೆಯ ಸ್ವಂತ ತಂಗಿಯನ್ನೂ ಅದರಲ್ಲಿ ಸೇರಿಸಿದ್ದರು. ಕುಶಲಾ ಎರಡು ತಿಂಗಳು ಹೇಳಿ ನೋಡಿದರು, ಅತ್ತು ನೋಡಿದರು, ಕೊನೆಗೆ ಸುಮ್ಮನಾದರು. ಫ್ರಿಜ್ ತೆರೆಯುವಾಗೆಲ್ಲ ಆ ಖಾಲಿ ಜಾಗ ಅವರ ಕಣ್ಣಿಗೆ ಬೀಳುತ್ತಿತ್ತು.

ಶನಿವಾರ ಮಧ್ಯಾಹ್ನ ಎರಡೂ ಮುಕ್ಕಾಲಿಗೆ ಸೈರನ್ ಕೂಗಿತು.

ಊಟ ಮಾಡಿ ಮಲಗಿದ್ದ ಶೆಟ್ಟರು ಎದ್ದು ನಿಂತಾಗ ತಾನು ಬಂದರಿನಲ್ಲಿದ್ದೇನೋ ಮನೆಯಲ್ಲಿದ್ದೇನೋ ಎಂಬುದೇ ತಿಳಿಯಲಿಲ್ಲ. ಓಡಿ ಬಂದು ಪರದೆ ನೋಡಿದರು. ತೀವ್ರತೆ ಐದು ಪಾಯಿಂಟ್ ಎರಡು. ಜಾಗ: 12.57, 75.38. ಮೊದಲ ಕ್ಷಣ ಅವರ ಎದೆ ಹೆಮ್ಮೆಯಿಂದ ಉಬ್ಬಿತು, ಸುಳ್ಳು ಯಾಕೆ ಹೇಳಬೇಕು. ಟಿ.ವಿ. ಹಾಕಿದರೆ ಯಾವುದೋ ಎಣ್ಣೆಯ ಜಾಹೀರಾತು ಬರುತ್ತಿತ್ತು. ಸುದ್ದಿಯವರಿಗೂ ಗೊತ್ತಿಲ್ಲ, ಸರಕಾರಕ್ಕೂ ಗೊತ್ತಿಲ್ಲ, ಗೊತ್ತಿರುವವನು ಮಹಾಬಲ ಶೆಟ್ಟಿ ಒಬ್ಬನೇ. ಎರಡನೆಯ ಕ್ಷಣದಲ್ಲಿ ಆ ಅಂಕಿಗಳನ್ನು ಮ್ಯಾಪಿನಲ್ಲಿ ಹಾಕಿ ನೋಡಿದರು. ಸುಳ್ಯ. ಪೇಟೆಯಿಂದ ಒಂದೂವರೆ ಕಿಲೋಮೀಟರ್. ದೂಮಣ್ಣ ರೈಗಳ ಮನೆ ಇರುವುದೂ ಪೇಟೆಯಿಂದ ಒಂದೂವರೆ ಕಿಲೋಮೀಟರ್.

"ಕುಶಲಾ," ಎಂದು ಕೂಗಿದರು.

ಕುಶಲಾ ಕೈ ಒರೆಸಿಕೊಳ್ಳುತ್ತ ಬಂದರು. ಕನ್ನಡಕ ಏರಿಸಿ ಒಂದು ಅಂಕಿ ನೋಡಿದರು, ಇನ್ನೊಂದು ನೋಡಿದರು. ಆಮೇಲೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಕುರ್ಚಿಯಲ್ಲಿ ಕುಸಿದು ಕೂತರು. ಅವರ ಭುಜಗಳು ಅಲುಗುತ್ತಿದ್ದವು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಹೆಂಡತಿ ಹೀಗೆ ಕುಸಿದದ್ದನ್ನು ಶೆಟ್ಟರು ಕಂಡಿರಲಿಲ್ಲ.

"ಹೆದರ್ಬೇಡ. ನಮಗೆ ಇಲ್ಲಿ ಎಂತ ಗೊತ್ತಾಗ್ಲಿಲ್ಲ ಅಲ್ವಾ? ಅಂದ್ರೆ ಅಷ್ಟು ಜೋರು ಇರ್ಲಿಕ್ಕಿಲ್ಲ." ಹೇಳುತ್ತ ಅವರ ಕಣ್ಣು ಮೇಲೆ ಹೋಯಿತು. "ಫ್ಯಾನ್ ಅಲ್ಲಾಡ್ತಾ ಉಂಟು ನೋಡು."

"ಸ್ವಿಚ್ ಹಾಕಿದ್ದೀರಿ," ಎಂದರು ಕುಶಲಾ, ಸೆರಗಿನ ಒಳಗಿಂದಲೇ.

"ನೀನು ಅಣ್ಣನಿಗೆ ಫೋನ್ ಮಾಡು."

"ನನ್ನಿಂದ ಈಗ ಮಾತಾಡ್ಲಿಕ್ಕೆ ಆಗುದಿಲ್ಲ. ನೀವೇ ಮಾಡಿ."

"ಅತ್ತಿಗೆಗೆ ಮಾಡುವ."

"ಅತ್ತಿಗೆ ಮಗಳ ಹೆರಿಗೆಗೆ ಅಂತ ಪುಣೆಯಲ್ಲಿದ್ದಾರೆ. ಅಣ್ಣ ಒಬ್ಬರೇ ಇರುದು."

ಶೆಟ್ಟರು ಮೊಬೈಲ್ ಎತ್ತಿಕೊಂಡರು. ಅದರಲ್ಲಿ ಭಾವನ ನಂಬರು ಇತ್ತು. "ಕೋಳಿಗೂಡು" ಎಂಬ ಹೆಸರಿನಲ್ಲಿ ಇತ್ತು. ಆರು ವರ್ಷದ ಪ್ರತಿಜ್ಞೆ ಬೆರಳಿನ ತುದಿಗೆ ಬಂದು ಒಂದು ಗಳಿಗೆ ನಿಂತಿತು. ನಂತರ ಶೆಟ್ಟರು ಒತ್ತಿಯೇಬಿಟ್ಟರು.

ರಿಂಗ್ ಆಯಿತು, ಆಯಿತು, ನಿಂತಿತು. ಯಾರೂ ಎತ್ತಲಿಲ್ಲ.

ಎರಡನೇ ಸಲವೂ ಎತ್ತಲಿಲ್ಲ. ಆ ಮನೆಯನ್ನು ಅವರು ಕಣ್ಣಾರೆ ಕಂಡವರು. ಎದುರಿನ ಸಿಟೌಟಿಗೆ ನಾಲ್ಕು ಪಿಲ್ಲರ್ ಬೇಕಾದಲ್ಲಿ ಮೂರೇ ಇದ್ದವು. ರೈಗಳು ಮಧ್ಯಾಹ್ನ ಮಲಗುವುದು ಅದೇ ಸಿಟೌಟಿನ ಸ್ಲ್ಯಾಬಿನ ಕೆಳಗೆ, ಬೆತ್ತದ ಕುರ್ಚಿಯಲ್ಲಿ. ಆಡು ಸೀನಿದರೆ ಬೀಳುತ್ತದೆ ಎಂದ ತನ್ನ ಬಾಯಿಗೆ ಅವತ್ತು ಯಾರಾದರೂ ಒಂದು ಹೋಳಿಗೆ ತುರುಕಿ ಮುಚ್ಚಿಸಬಾರದಿತ್ತೇ ಎಂದು ಶೆಟ್ಟರಿಗೆ ಅಳು ಬಂದಂತಾಯಿತು.

ಮೂರನೇ ಸಲ. ರಿಂಗ್ ಆಗಿ ಆಗಿ ಮತ್ತೆ ನಿಂತಿತು. ಈಗ ಕುಶಲಾ ಸೆರಗನ್ನು ಬಾಯಿಂದ ತೆಗೆದಿದ್ದರು. ಅವರ ಮುಖವೂ ಬಿಳಿಚಿಕೊಂಡಿತ್ತು.

"ಎತ್ತುದಿಲ್ವಾ?"

"ಇಲ್ಲ."

"ಅಣ್ಣ ಫೋನ್ ಬಿಟ್ಟು ಇರುವ ಜನ ಅಲ್ಲ," ಎಂದು ಕುಶಲಾ ಎದ್ದು ನಿಂತರು. ಈ ಮಾತು ಶೆಟ್ಟರ ಅಳಿದುಳಿದ ಧೈರ್ಯವನ್ನೂ ಕೆಡಿಸಿತು. ಲುಂಗಿಯ ಮೇಲೆಯೇ ಪ್ಯಾಂಟ್ ಏರಿಸಿ, ಅದು ಸೊಂಟದಲ್ಲಿ ಸಿಕ್ಕಿಹಾಕಿಕೊಂಡು, ಬಿಚ್ಚಿ, ಮತ್ತೆ ಹಾಕಿದರು. ಒಂದು ಟಾರ್ಚು, ಬಟ್ಟೆ ಒಣಗಿಸುವ ಹಗ್ಗ, ಒಂದು ಬಾಟಲಿ ಡೆಟ್ಟಾಲು, ಅವಸರದಲ್ಲಿ ಕೈಗೆ ಸಿಕ್ಕಿದ ತೆಂಗಿನಕಾಯಿ ತುರಿಯುವ ಮಣೆ, ಇಷ್ಟನ್ನು ಚೀಲಕ್ಕೆ ತುಂಬಿದರು. ಕೆಳಗಿನ ಮನೆಯ ಅಯ್ಯೂಬರ ಹತ್ತಿರ ಕಾರು ಇದೆ. ಶೆಟ್ಟರು ಮೆಟ್ಟಿಲಿಳಿದು ಓಡಿ ಅವರ ಬಾಗಿಲು ಬಡಿದರು.

"ಅಯ್ಯೂಬ್ ಭಾಯಿ, ಸುಳ್ಯ ಹೋಗಿದೆ."

"ಎಲ್ಲಿಗೆ ಹೋಗಿದೆ ಶೆಟ್ರೆ?" ಎಂದರು ಅಯ್ಯೂಬ್, ಚಹಾದ ಲೋಟ ಹಿಡಿದುಕೊಂಡೇ. ಆದರೆ ಶೆಟ್ಟರ ಮುಖ ನೋಡಿ ಲೋಟ ಕೆಳಗಿಟ್ಟು, ಎರಡನೇ ಪ್ರಶ್ನೆ ಕೇಳದೆ ಕಾರಿನ ಕೀ ತೆಗೆದುಕೊಂಡರು. ಅವರು ಅಂಥ ಮನುಷ್ಯ.

ಅಷ್ಟರಲ್ಲಿ ಶೆಟ್ಟರ ಕಿಸೆಯಲ್ಲಿ ಫೋನ್ ಹೊಡೆದುಕೊಂಡಿತು. ಪರದೆಯ ಮೇಲೆ "ಕೋಳಿಗೂಡು".

"ಭಾವ, ನಾನು ಮಹಾಬಲ. ನೀವು ಎಲ್ಲಿದ್ದೀರಿ?"

"ಮೇಲೆ ಇದ್ದೇನೆ," ಎಂದಿತು ಆ ಕಡೆಯ ಧ್ವನಿ.

ಶೆಟ್ಟರು ಮೆಟ್ಟಿಲ ಮೇಲೆ ಕೂತುಬಿಟ್ಟರು. "ಮೇಲೆ ಅಂದ್ರೆ?"

"ಟೆರೇಸಿನಲ್ಲಿ ಮಾರಾಯ್ರೆ. ಟ್ಯಾಂಕ್ ತೊಳಿತಾ ಇದ್ದೆ. ಫೋನ್ ಕೆಳಗೆ ಇತ್ತು, ಈಗಷ್ಟೇ ಮೇಲೆ ತಂದದ್ದು. ಮೂರು ಸಲ ಮಾಡಿದ್ದೀರಿ, ಎಂತ ಆಯ್ತು? ಕುಶಲಾ ಹುಷಾರಿದ್ದಾಳಾ?"

"ಭೂಕಂಪ ಆಗ್ಲಿಲ್ವಾ ಅಲ್ಲಿ?"

"ಇಲ್ಲಪ್ಪ. ಇಲ್ಲಿ ಎಂತದೂ ಇಲ್ಲ."

"ನಿಮಗೆ ಗೊತ್ತಾಗ್ಲಿಲ್ಲ ಭಾವ, ಮನೆ ಗಟ್ಟಿ ಉಂಟು ಹಾಗೆ. ಮೂರು ಪಿಲ್ಲರ್ ಧಾರಾಳ ಸಾಕು. ನಾನು ಅವತ್ತು ಹೇಳಿದ್ದು ತಪ್ಪು." ಆರು ವರ್ಷ ತಡೆಹಿಡಿದದ್ದೆಲ್ಲ ಅಯ್ಯೂಬರ ಬಾಗಿಲಿನ ಎದುರೇ ಹೊರಗೆ ಬಂತು. "ಮನ್ವಿತಾಳಿಗೆ ಮದುವೆ ಗೊತ್ತಾಗಿದೆ. ಧಾರೆಗೆ ನೀವು ನಿಲ್ಬೇಕು. ನಿಮ್ಮ ಹೆಸರು ಹಾಕ್ದೆ ನಾನು ಕಾಗದ ಪ್ರೆಸ್ಸಿಗೆ ಕೊಡುದಿಲ್ಲ."

ಆ ಕಡೆ ಬಕೆಟ್ ಕೆಳಗಿಟ್ಟ ಸದ್ದು ಕೇಳಿಸಿತು.

"ನಾನೂ ಎಷ್ಟೋ ಸಲ ನಿಮ್ಮ ನಂಬರ್ ತೆಗೆದು ನೋಡಿ ಇಟ್ಟಿದ್ದೇನೆ," ಎಂದರು ದೂಮಣ್ಣ ರೈ. "ನಾಳೆ ಬರ್ತೇನೆ. ಊರ ಕೋಳಿ ಎರಡು ತರ್ತೇನೆ. ಬಾಲ್ಕನಿಯಲ್ಲಿ ಕಟ್ಟಿ ಹಾಕ್ಲಿಕ್ಕೆ ಜಾಗ ಉಂಟಲ್ಲ?"

"ಉಂಟು ಭಾವ," ಎಂದರು ಶೆಟ್ಟರು. "ಕೋಳಿಗೆ ಬೇಕಾದಷ್ಟು ಉಂಟು."

ಬಲ್ಮಠದ ಆಫೀಸಿನಿಂದ ಮನ್ವಿತಾ ಮನೆಗೆ ಬರುವಾಗ ಐದೂವರೆ. ಫ್ರಿಜ್ಜಿನ ಮೇಲಿನ ಕರಡಿನಲ್ಲಿ ಮಾವನ ಹೆಸರು ಅಮ್ಮನ ಅಕ್ಷರದಲ್ಲಿ ಬಂದು ಕೂತಿತ್ತು. ಅಪ್ಪ ಎದೆಯುಬ್ಬಿಸಿಕೊಂಡು ಸುಳ್ಯದ ಭೂಕಂಪದ ಕಥೆಯನ್ನು ಎರಡನೇ ಸಲ ಹೇಳುತ್ತಿದ್ದರು. ಮನ್ವಿತಾ ಸುಮ್ಮನೆ ಲ್ಯಾಪ್‌ಟಾಪಿನ ಮುಂದೆ ಕೂತು, ಅಪ್ಪ ಬಿಸಾಡಿದ್ದ ಜಾಗದ ಹೆಸರನ್ನು ಮತ್ತೆ ಹೆಕ್ಕಿ ತೆಗೆದಳು.

"ಪಪ್ಪ, ಇದು ನಾರ್ವೆಯಿಂದಲೂ ಮೇಲೆ, ಗ್ರೀನ್‌ಲ್ಯಾಂಡ್ ಸಮುದ್ರ. ಇವರು ರೇಖಾಂಶ ಮೊದಲು ಕೊಡುದು, ಅಕ್ಷಾಂಶ ಆಮೇಲೆ. ನೀವು ತಿರುಗಿಸಿ ಓದಿದ್ದೀರಿ. ಅಲ್ಲಿ ಹಿಮಕರಡಿ ಬಿಟ್ರೆ ಯಾರೂ ಇಲ್ಲ."

ಶೆಟ್ಟರು ಮೂವತ್ತೊಂದು ವರ್ಷದ ಸರ್ವಿಸನ್ನು ಒಮ್ಮೆ ನೆನೆದು, ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು.

"ನೀನು ಭೂಗೋಳದ ಟೀಚರ್. ನಿನಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಗಿತ್ತು," ಎಂದರು ಕುಶಲಾ, ಬಸಳೆಯ ದಂಟು ಮುರಿಯುತ್ತ. "ಮೂರು ವಾರದ ಹಿಂದೆ. ಪ್ರಪಂಚದಲ್ಲಿ ತೊಂಬತ್ತರ ಮೇಲೆ ಅಕ್ಷಾಂಶ ಇಲ್ಲ ಅಂತ ಹೇಳ್ಲಿಕ್ಕೆ ಬಂದೆ. ನೀವು ಅಟ್ಲಾಸಿನಲ್ಲಿ ಬರುದಿಲ್ಲ ಅಂದ್ರಿ."

"ಮತ್ತೆ ಇವತ್ತು? ಸೆರಗು ಬಾಯಿಗಿಟ್ಟು ಅಳ್ತಾ ಇದ್ದೆಯಲ್ಲ."

"ಅದು ಅಳು ಅಂತ ನಾನು ಹೇಳಿದೆನಾ?" ಎಂದ ಕುಶಲಾ, ಇನ್ನೊಂದು ದಂಟು ಎತ್ತಿಕೊಂಡು ಸೇರಿಸಿದರು: "ಮೂರನೇ ಸಲ ಅಣ್ಣ ಫೋನ್ ಎತ್ತದಾಗ ಮಾತ್ರ ನನಗೂ ಜೀವ ಹೋದ ಹಾಗೆ ಆಯ್ತು. ಅದು ನಿಜ."

ಶೆಟ್ಟರಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ನಾಚಿಕೆಯೇ ಬಂತು. ಲ್ಯಾಪ್‌ಟಾಪಿನ ಮುಂದೆ ಕೂತು, ಅಂಕಿಗಳ ಕ್ರಮ ತಿದ್ದಲು ಕೈ ಹಾಕಿದರು.

"ಈಗ ಸರಿ ಮಾಡ್ಬೇಡಿ," ಎಂದರು ಕುಶಲಾ, ಬಸಳೆಯಿಂದ ತಲೆ ಎತ್ತದೆ. "ಮದುವೆ ಮುಗಿಯುವವರೆಗೆ ಹಾಗೇ ಇರ್ಲಿ. ಮೂಡಬಿದ್ರೆಯೂ ನೂರು ಕಿಲೋಮೀಟರಿನ ಒಳಗೇ ಬರ್ತದಲ್ಲ."

ಶೆಟ್ಟರು ಕೈ ಹಿಂದಕ್ಕೆ ತೆಗೆದರು. ಕಿಟಕಿಯ ಹೊರಗೆ ನೋಡಿದರು, ಕೆಮ್ಮಿದರು. ಸ್ವಲ್ಪ ಹೊತ್ತು ಬಿಟ್ಟು, ಸೈರನ್ ಏನೂ ಕೂಗದಿದ್ದರೂ, ತಂಗಿಯ ನಂಬರು ಈಗಲೂ ಹಳೆಯದೇನಾ ಎಂದು ಹೆಂಡತಿಯನ್ನು ಕೇಳಿದರು.