ನಾಲ್ಕು ಬಾತುಕೋಳಿ

ತೊಂದರೆ ಶುರುವಾದದ್ದು ಬಾತುಕೋಳಿಗಳು ಮಗ್ಗದಲ್ಲಿ ಹಿಡಿಸದೇ ಹೋದದ್ದರಿಂದ.

ಗಡಿಯಾರ ರಿಪೇರಿ ಮಾಡುತ್ತಿದ್ದ ಗಡಿಯಾರದಣ್ಣ ಹೋದ ವರ್ಷ ಕೈ ಮುರಿದುಕೊಂಡ. ಮೂಳೆ ಕೂಡಿತು, ಬೆರಳು ಮಾತ್ರ ಮಡಚಲು ಬರಲಿಲ್ಲ. ಆಗ ಮೂರನೇ ಮಹಡಿಯ ಅಜ್ಜಿ ತಮ್ಮ ಪುಟ್ಟ ಮಗ್ಗವನ್ನು ಅವನ ಮೇಜಿನ ಮೇಲಿಡಿಸಿ, "ದಿನಾ ಒಂದು ಗೇಣು ನೇಯಿ, ಬೆರಳು ತಾನಾಗೇ ದಾರಿಗೆ ಬರುತ್ತೆ" ಎಂದರು. ಬೆರಳೂ ದಾರಿಗೆ ಬಂತು, ನೇಯುವ ಹುಚ್ಚೂ ಹಿಡಿಯಿತು. ಅಜ್ಜಿಯ ಉಪಕಾರವನ್ನು ಅವನು ಸಿಕ್ಕವರಿಗೆಲ್ಲ ಹೇಳಿಕೊಳ್ಳುತ್ತಿದ್ದ.

ಮೊನ್ನೆ ಅಜ್ಜಿ ಪರೀಕ್ಷೆ ಇಟ್ಟರು. "ನನ್ನ ಮಂಚದ ಹೊದಿಕೆಯ ಚಿತ್ತಾರಾನ ಟೀ ಮೇಜಿಗೆ ಚಿಕ್ಕದು ಮಾಡಿ ನೇಯ್ದುಕೊಡು. ಭಾನುವಾರ ಸಂಜೆ ನೋಡ್ತೀನಿ. ಒಪ್ಪಿಗೆಯಾದ್ರೆ ಮಗ್ಗ ನಿಂದೇ. ಇಲ್ಲದಿದ್ರೆ ಟೈಲರ್ ಕೇಳ್ತಿದ್ದಾನೆ, ಅವನಿಗೆ ಕೊಡ್ತೀನಿ."

ಅಜ್ಜಿ ಹಿಂದೆ ತಾವೇ ನೇಯ್ದ ಆ ಹೊದಿಕೆಯ ಬಾತುಕೋಳಿಗಳು ಬೀದಿಗೆಲ್ಲ ಪ್ರಸಿದ್ಧ. ಒಂದೊಂದಕ್ಕೂ ಅರವತ್ತು ಎಳೆ. ಪುಟ್ಟ ಮಗ್ಗದಲ್ಲಿ ಇರುವುದೇ ನೂರಿಪ್ಪತ್ತು, ಸಾಲಾಗಿ ಕೂರಿಸಬೇಕಾದದ್ದು ನಾಲ್ಕು ಬಾತುಕೋಳಿ. ಭಾನುವಾರ ಬೆಳಗ್ಗೆ ಗಡಿಯಾರದಣ್ಣ ಚೌಕುಳಿ ಹಾಳೆ ಹಿಡಿದು ತಲೆ ಕೆರೆದುಕೊಳ್ಳುತ್ತ ಕೂತ.

"ಕತ್ತು ತೆಗೆದುಬಿಡ್ರೀ, ತಲೆ ನೇರ ಬೆನ್ನ ಮೇಲೆ ಕೂತ್ಕೊಳ್ಲಿ" ಎಂದಳು ಹೆಂಡತಿ, ಈರುಳ್ಳಿ ಹೆಚ್ಚುತ್ತ. ಕತ್ತು ಹೋಯಿತು.

ಪಕ್ಕದ ಮನೆಯ ಮೇಷ್ಟ್ರು ಪತ್ರಿಕೆ ಕೇಳಲು ಬಂದವರು ಪೆನ್ಸಿಲ್ ಕಿತ್ತುಕೊಂಡರು. "ಕಾಲು ಯಾಕ್ರೀ? ನೀರಲ್ಲಿದೆ ಅಂದುಕೊಳ್ಳಿ." ಕಾಲು ಹೋಯಿತು.

ಅಷ್ಟರಲ್ಲಿ ಟೈಲರ್ ಇಣುಕಿದ. ಅವನಿಗೆ ಮಗ್ಗದ ಮೇಲೊಂದು ಕಣ್ಣು. "ಇದರ ಬಾಲ ಅದರ ಕೊಕ್ಕಿಗೆ ತಾಗ್ತಿದೆಯಲ್ಲಣ್ಣ. ಬಾಲಾನ ಬಗ್ಗಿಸಿ ಬೆನ್ನಿಗೇ ಸೇರಿಸಿ, ಕೊಕ್ಕು ಮೇಲಕ್ಕೆತ್ತಿ." ಒಳ್ಳೆಯದಕ್ಕೆ ಹೇಳಿದನೋ ಕೆಡಿಸಲು ಹೇಳಿದನೋ ಅವನಿಗೇ ಗೊತ್ತು. ಹೊತ್ತಾಗುತ್ತಿತ್ತು. ಅಣ್ಣ ಒಪ್ಪಿಕೊಂಡು, ನೂಲಿನ ಲಾಳಿ ಎತ್ತಿ ನೇಯತೊಡಗಿದ.

ಸಂಜೆ ಬಟ್ಟೆ ಬಿಡಿಸಿ ನೋಡಿದರೆ, ಒಂದೇ ಒಂದು ಬಾತುಕೋಳಿಯಿಲ್ಲ. ದುಂಡು ಹೊಟ್ಟೆ, ಮೇಲೊಂದು ಮುಚ್ಚಳ, ಮುಂದೆ ಮೂತಿ, ಹಿಂದೆ ಹಿಡಿ. ನಾಲ್ಕು ಟೀ ಕೆಟಲ್ ಸಾಲಾಗಿ ಕೂತಿದ್ದವು. ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಅಣ್ಣ ಮಗ್ಗವನ್ನೊಮ್ಮೆ ಸವರಿ, ಬಟ್ಟೆ ಹಿಡಿದು, ಗಲ್ಲಿಗೇರಲು ಹೊರಟವನ ಹಾಗೆ ಮೆಟ್ಟಿಲು ಹತ್ತಿದ.

ಅಜ್ಜಿ ಕನ್ನಡಕ ಒರೆಸಿ ನೋಡಿದರು. ಮತ್ತೆ ಒರೆಸಿ ನೋಡಿದರು. ಕಣ್ಣಲ್ಲಿ ನೀರು.

"ತಪ್ಪಾಯ್ತಜ್ಜಿ" ಎಂದ ಅಣ್ಣ.

"ತಪ್ಪು ನಂದು ಕಣಪ್ಪ. ನಲವತ್ತು ವರ್ಷದ ಹಿಂದೆ ನಾನು ನೇಯೋಕೆ ಹೊರಟಿದ್ದೇ ಕೆಟಲ್. ಎಳೆ ಹೆಚ್ಚಾಗಿ ಕತ್ತು ಬೆಳೀತು, ಬಾಲ ಬಿಚ್ಕೊಳ್ತು. ಎಲ್ರೂ ಬಾತುಕೋಳಿ ಚೆನ್ನಾಗಿದೆ ಅಂದ್ರು, ಸುಮ್ಮನಾದೆ. ಆಮೇಲೆ ಮಗ್ಗ ಮುಟ್ಟೋ ಮನಸ್ಸೇ ಬರಲಿಲ್ಲ. ನಿನ್ನ ಋಣ ಹೇಗೆ ತೀರಿಸ್ಲಿ? ಮಗ್ಗ ಇವತ್ತಿನಿಂದ ನಿಂದೇ."

ಅಣ್ಣ ಬಗ್ಗಿ ಕಾಲು ಮುಟ್ಟಿ ನಮಸ್ಕಾರ ಮಾಡಿದ.

"ಒಂದು ಮಾತು" ಎಂದರು ಅಜ್ಜಿ, ಬಟ್ಟೆಯನ್ನು ಸವರುತ್ತ. "ಈಗ ಎಳೆ ಎಣಿಕೆ ಸಿಕ್ತಲ್ಲ, ಮಂಚದ ಹೊದಿಕೆ ತುಂಬ ಕೆಟಲ್ ನಾನೇ ನೇಯಬೇಕು ಅನ್ನಿಸ್ತಿದೆ. ಪಟ್ಟಿ ಪಟ್ಟಿ ನೇಯ್ದು ಹೊಲಿದರಾಯ್ತು. ನಿನ್ನ ಮಗ್ಗ ಸ್ವಲ್ಪ ದಿನ ನನಗೆ ಕೊಟ್ಟಿರ್ತೀಯಾ?"

ಬೆರಳು ತಿರುಗಿ ಕೊಟ್ಟವರಿಗೆ ಇಲ್ಲ ಎನ್ನುವುದಾದರೂ ಹೇಗೆ? "ನಿಮ್ಮದೇ ಅಂದ್ಕೊಳ್ಳಿ ಅಜ್ಜಿ. ಎಷ್ಟು ದಿನ ಬೇಕಾಗುತ್ತೆ?"

"ಬೇಗ ಮುಗಿಸಿಬಿಡ್ತೀನಪ್ಪ. ಮೂರು ವರ್ಷ, ಹೆಚ್ಚಂದ್ರೆ ನಾಲ್ಕು."

ಕೆಳಗೆ ಹೆಂಡತಿ ಬಾಗಿಲಲ್ಲೇ ಕಾದಿದ್ದಳು. "ಅಜ್ಜಿಗೆ ಹಿಡಿಸ್ತೇನ್ರೀ?"

"ತುಂಬಾ ಹಿಡಿಸ್ತು" ಎಂದ ಗಡಿಯಾರದಣ್ಣ. "ಆ ಕಡೆ ಹಿಡ್ಕೋ, ಮಗ್ಗ ಮೇಲಕ್ಕೆ ಸಾಗಿಸ್ಬೇಕು."