ಸಂಬಳಕ್ಕೆ ಚೆಂಡು ಹೊಡೆದ ನಮ್ಮ ಮಾವ

ನನ್ನ ಸೋದರಮಾವನಿಗೆ ಬಲಗೈ ಇತ್ತು, ಆದರೆ ಅದು ಅವರದಾಗಿರಲಿಲ್ಲ. ನಂಬುವುದಿಲ್ಲವೇ? ಕೊಯಮತ್ತೂರಿನ ನಮ್ಮ ಅಜ್ಜಿಯ ಮನೆಗೆ ನೀವು ಆಗ ಬಂದಿದ್ದರೆ ಅವರ ಬಾಯಿಂದಲೇ ಕೇಳಬಹುದಿತ್ತು. ಅಜ್ಜಿ ನೀರಿನ ಕೊಡ ಎತ್ತಿಡು ಎಂದರೆ ಸಾಕು, ಮಾವ ಬಲಗೈಯನ್ನು ಬೆನ್ನ ಹಿಂದೆ ಅಡಗಿಸಿಬಿಡುತ್ತಿದ್ದರು.

"ಈ ಕೈ ಮಿಲ್ಲಿಂದು ಅವ್ವಾ, ನಂದಲ್ಲ. ಉಳುಕಿದ್ರೆ ಮ್ಯಾನೇಜರ್‌ಗೆ ಯಾರು ಬದಿಲ್ ಹೇಳೋದು?"

"ಹಂಗಾರೆ ಅನ್ನಾನೂ ಮಿಲ್ಲಲ್ಲೇ ತಿನ್ಲಿ ಆ ಕೈ!"

ವಿಷಯ ಇಷ್ಟೇ. ಎಂಬತ್ತರ ದಶಕದ ಮೊದಲಲ್ಲಿ ನಮ್ಮೂರ ಕೆಲವು ಮಿಲ್ಲುಗಳು ನೂಲು ತೆಗೆಯುವುದರ ಜೊತೆಗೆ ಆಟದ ತಂಡಗಳನ್ನೂ ಸಾಕುತ್ತಿದ್ದವು. ಮಾವ ಅಂಥ ಒಂದು ಮಿಲ್ಲಿನ ಬಾಲ್ ಬ್ಯಾಡ್ಮಿಂಟನ್ ಆಟಗಾರ. ಹಳದಿ ಉಣ್ಣೆಯ ಚೆಂಡು, ನಡುವೆ ಬಲೆ, ಆ ಕಡೆ ಐವರು, ಈ ಕಡೆ ಐವರು. ಹಾಜರಿ ಪುಸ್ತಕದಲ್ಲಿ ಮಾವ ನೂಲುವ ವಿಭಾಗದ ಕೆಲಸಗಾರ. ಆ ವಿಭಾಗದ ಬಾಗಿಲು ಯಾವ ದಿಕ್ಕಿಗಿದೆ ಎಂದು ಕೇಳಿದ್ದರೆ ಮಾತ್ರ ತಲೆ ಕೆರೆದುಕೊಳ್ಳುತ್ತಿದ್ದರು!

ಹೆಣ್ಣು ನೋಡಲು ತಿರುಪ್ಪೂರಿಗೆ ಹೋದಾಗ ನಾನೂ ಜೊತೆಗಿದ್ದೆ. ಹೆಣ್ಣಿನ ತಂದೆಗೆ ಬನಿಯನ್ ವ್ಯಾಪಾರ.

"ಮಾಪ್ಳೆಗೆ ವೇಲೆ ಏನು?" ಎಂದು ಗಂಡಿನ ಕೆಲಸ ವಿಚಾರಿಸಿದರು.

"ಚೆಂಡು ಹೊಡೆಯೋದು," ಎಂದರು ಮಾವ, ಬಹಳ ಗಂಭೀರವಾಗಿ.

"ಅದು ಸರಿಪ್ಪಾ, ಸಾಯಂಕಾಲ ಎಲ್ಲಾರೂ ಆಡ್ತಾರೆ. ವೇಲೆ ಏನು?"

"ಬೆಳಿಗ್ಗೇನೂ ಅದೇ."

ಅಜ್ಜಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಗ ಬಾಗಿಲ ಹಿಂದಿನಿಂದ ಹುಡುಗಿಯ ದನಿ ಕೇಳಿತು: "ಸೋತ್ರೆ ಸಂಬಳ ಕೊಡ್ತಾರಾ?"

"ಕೊಡ್ತಾರೆ. ಆದ್ರೆ ಕ್ಯಾಂಟೀನಲ್ಲಿ ಒಬ್ರೂ ಮಾತಾಡ್ಸಲ್ಲ."

ಒಳಗಿಂದ ನಗು ಕೇಳಿಸಿತು. ನನಗೆ ಅತ್ತೆ ಸಿಕ್ಕಿದ್ದು ಹಾಗೆ.

ಆಟ ಬಿಟ್ಟರೆ ಮಾವನಿಗಿದ್ದ ಇನ್ನೊಂದು ಹುಚ್ಚು ತೂಕದ ಯಂತ್ರ. ಯಾವ ಊರಿಗೆ ಆಡಲು ಹೋದರೂ ಮೊದಲು ಬಸ್ ಸ್ಟ್ಯಾಂಡಿನ ಯಂತ್ರದ ಮೇಲೆ ಹತ್ತಿ ಕಾಸು ಹಾಕಬೇಕು. ತೂಕ ಯಾರಿಗೆ ಬೇಕು? ಚೀಟಿಯ ಬೆನ್ನಿಗೆ ಅಚ್ಚಾಗಿರುವ ಭವಿಷ್ಯ ಬೇಕು! ಧಾರಾಪುರದಲ್ಲಿ ಒಮ್ಮೆ 'ತಾಳ್ಮೆಯಿಂದಿರಿ' ಎಂದು ಬಂತಂತೆ. ಮಾವ ಮೊದಲ ಆಟವಿಡೀ ಒಂದೇ ಒಂದು ಹೊಡೆತ ಬಿರುಸಾಗಿ ಹೊಡೆಯದೆ, ಮಗುವಿಗೆ ಹಾಲು ಕುಡಿಸುವಂತೆ ಚೆಂಡನ್ನು ಆಚೆ ದಾಟಿಸುತ್ತ ನಿಂತರು. ಆ ಆಟವನ್ನು ತಂಡ ಹೀನಾಯವಾಗಿ ಸೋತಿತು. ಕ್ಯಾಪ್ಟನ್ ಓಡಿಹೋಗಿ ತನ್ನ ಕಾಸು ಹಾಕಿ, ತನ್ನ ಚೀಟಿ ತಂದು, 'ಧೈರ್ಯವೇ ಜಯ' ಎಂದಿದೆ ಎಂದು ಗಟ್ಟಿಯಾಗಿ ಓದಿ ಹೇಳಿದ. ಉಳಿದೆರಡು ಆಟ ಗೆದ್ದರು. ಚೀಟಿಯಲ್ಲಿ ನಿಜವಾಗಿ ಇದ್ದದ್ದು 'ಪ್ರಯಾಣ ಬೇಡ' ಎಂದು!

ಹೀಗೆ ನಗುತ್ತ ಹೋಗುತ್ತಿದ್ದಾಗ ಮಾವನ ಮೊಣಕಾಲು ಕೈಕೊಟ್ಟಿತು. ಅದೇ ವರ್ಷ ಮಿಲ್ಲಿನವರು ತಂಡವನ್ನೇ ಬರಖಾಸ್ತು ಮಾಡಿ, "ನಿಮ್ಮ ವಿಭಾಗಕ್ಕೆ ಹೋಗಿ," ಎಂದರು. ಪೇಪರಿನಲ್ಲಿ ಫೋಟೋ ಬಂದಿದ್ದ ಮನುಷ್ಯ ತಲೆಗೆ ಬಟ್ಟೆ ಕಟ್ಟಿಕೊಂಡು ಯಂತ್ರದ ಮುಂದೆ ನಿಲ್ಲುವುದೇ? ಎರಡು ದಿನ ಮಾವ ಮಿಲ್ಲಿನ ಕಡೆ ತಲೆಹಾಕಲಿಲ್ಲ. ರಾಜೀನಾಮೆ ಕೊಡುತ್ತಾರೆ ಎಂದೇ ಎಲ್ಲರೂ ಅಂದುಕೊಂಡೆವು. ಮೂರನೆಯ ದಿನ ಅತ್ತೆ ಊಟದ ಡಬ್ಬಿ ಕಟ್ಟಿ ಬಾಗಿಲ ಬಳಿ ಇಟ್ಟಳು. ಮಾವ ಎತ್ತಿಕೊಂಡು ಹೋದರು.

ಅದಾಗಿ ಆರು ತಿಂಗಳಿಗೆ ಊರಿನ ಆಟದ ಸಂಘದವರು ಹಳೆಯ ಆಟಗಾರರಿಗೆ ಶಾಲು ಹೊದಿಸಿ ಮರ್ಯಾದೆ ಮಾಡುವ ಏರ್ಪಾಟು ಮಾಡಿದರು. ಭಾನುವಾರ ಮಧ್ಯಾಹ್ನ, ಆಟದ ಮೈದಾನದಲ್ಲಿ. ಅಜ್ಜಿ ರೇಷ್ಮೆ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತಳು. ವೇದಿಕೆಯ ಮೇಲೆ ಮಾವನ ಕುರ್ಚಿ ಮಾತ್ರ ಖಾಲಿ. ಎಲ್ಲಿ ಹೋದರು? ಆಗ ಕಾಲೇಜಿನಲ್ಲಿದ್ದ ನಾನು ಸಿಟಿ ಬಸ್ಸು ಹತ್ತಿ ಮಿಲ್ಲಿಗೇ ಹೋಗಿ ಗೇಟಿನವನ ಕೈಲಿ ಹೇಳಿ ಕಳಿಸಿದೆ. ಮಾವ ಕುಂಟುತ್ತ ಬಂದರು. ತಲೆಯಲ್ಲಿ, ಹುಬ್ಬಿನಲ್ಲಿ, ಮೀಸೆಯಲ್ಲೆಲ್ಲ ಹತ್ತಿ.

"ಏನ್ ಮಾವಾ ಇದು? ಅಲ್ಲಿ ಎಲ್ಲಾರೂ ಕಾಯ್ತಾವ್ರೆ!"

"ಪಕ್ಕದ ಮಿಷಿನವನ ತಂಗಿ ಮಗೂಗೆ ಇವತ್ತು ಆನೈಮಲೈ ಗುಡೀಲಿ ಕಿವಿ ಚುಚ್ತಾರೆ, ಮರಿ. ಲೀವು ಸಿಗ್ಲಿಲ್ಲ ಅವನ್ಗೆ. ಮಗು ಕೂರೋಕೆ ಸೋದರಮಾವನ ತೊಡೆ ಬೇಡ್ವಾ? ನೀನು ಹೋಗು, ನಿನ್ನ ಶಿಫ್ಟ್ ನಾನು ನೋಡ್ಕೋತೀನಿ ಅಂದೆ."

"ಇವತ್ತೇ ಆಗ್ಬೇಕಿತ್ತಾ?"

ಮಾವ ಮೀಸೆಯ ಹತ್ತಿಯನ್ನು ಉಜ್ಜಿ ತೆಗೆದರು.

"ನಾನು ಊರೂರು ಆಡ್ಕೊಂಡು ತಿರುಗ್ತಿದ್ದಾಗ ನನ್ನ ಮಿಷಿನ್ನೂ ಅವನೇ ನೋಡ್ಕೊಂಡವ್ನೆ. ಇಲ್ಲಿ ಬಂದು ನಿಂತ್ಮೇಲೇ ನಂಗೆ ಗೊತ್ತಾಗಿದ್ದು. ಅವನು ಒಂದಿನಾನೂ ಹೇಳ್ಲಿಲ್ಲ."

ಗೇಟಿನವನು ಕರೆದ. ಮಾವ ಒಳಗೆ ಹೋದರು. ನಾನು ಮೈದಾನಕ್ಕೆ ವಾಪಸು ಹೋಗಲಿಲ್ಲ. ಶಿಫ್ಟ್ ಮುಗಿಯುವ ತನಕ ಬೇವಿನ ಮರದಡಿ ಕೂತಿದ್ದು, ಅವರ ಜೊತೆಗೇ ಬಸ್ಸು ಹತ್ತಿದೆ. ಕೂತ ಗಳಿಗೆಯಲ್ಲೇ ಮಾವ ನನ್ನ ಹೆಗಲಿಗೆ ತಲೆಯಾನಿಸಿ ನಿದ್ದೆ ಹೋದರು. ನಮ್ಮ ಸ್ಟಾಪು ಬಂದು ದಾಟಿಹೋಯಿತು. ನಾನು ಎಬ್ಬಿಸಲಿಲ್ಲ.